ಕೆಂಪು ಚೀಟಿ ಇಲ್ಲದ ಡ್ರಮ್ಮುಗಳು

ಕಬ್ಬಿಣದ ಡ್ರಮ್ಮು ಕಂಡರೆ ನಾನು ಇವತ್ತಿಗೂ ಹತ್ತಿರ ಹೋಗಿ ಮೂಸಿ ನೋಡುತ್ತೇನೆ. ಹೊಸ ಬಣ್ಣ ಹೊಡೆದ ಡ್ರಮ್ಮಾದರೆ ಉಗುರಿನಲ್ಲಿ ಒಂದಿಷ್ಟು ಕೆರೆಯುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಕೆರೆಯುವುದಕ್ಕೆ ಕಾರಣ ಏನು ಅಂತ ಅವರಲ್ಲಿ ಒಬ್ಬಳು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಕೂಲಿ ಮಠದಲ್ಲಿ, ಅದೂ ಅರ್ಧಕ್ಕೆ ಬಿಟ್ಟದ್ದು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಆಗ ಎರಡನೆಯ ದೊಡ್ಡ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡಾಡುತ್ತಿದ್ದವು. ಹಾಸನದ ಕಡೆಯಿಂದಲೋ ಮೈಸೂರಿನ ಕಡೆಯಿಂದಲೋ ಸಾಮಾನು ರೈಲಿನಲ್ಲಿ ಹೊಳೆನರಸೀಪುರಕ್ಕೆ ಬಂದು ಇಳಿದರೆ, ಅಲ್ಲಿಂದ ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಎತ್ತಿನ ಗಾಡಿಯೇ ಗತಿ. ನನ್ನ ಗಂಡ ಇಟ್ಟಿದ್ದ ಗಾಡಿಗಳು ಅವನು ಹೋದ ಮೇಲೆ ನನ್ನ ತಲೆಗೆ ಬಂದವು. ಹೆಂಗಸು ಗಾಡಿ ಲೆಕ್ಕ ನೋಡುವುದೇ ಅಂತ ಊರಲ್ಲಿ ಆಡಿಕೊಂಡರು. ಆಡಿಕೊಂಡವರ ಸಾಮಾನನ್ನೂ ನಾನೇ ಸಾಗಿಸಿದೆ.

ನಮ್ಮ ಗಾಡಿಗಳಿಗೆ ಒಂದು ಹೆಚ್ಚುಗಾರಿಕೆ ಇತ್ತು. ಸೀಮೆಎಣ್ಣೆ, ಬಾವಿ ತೋಡುವಾಗ ಬಂಡೆ ಸಿಡಿಸುವ ಮದ್ದು, ಅಕ್ಕಸಾಲಿಗರಿಗೆ ಬೇಕಾದ ಆಸಿಡ್ಡು, ಇಂಥ ಅಪಾಯದ ಮಾಲು ಸಾಗಿಸಲು ಹಾಸನದ ಕಚೇರಿಯಿಂದ ಪರವಾನಗಿ ಇತ್ತು. ಎಲ್ಲ ಗಾಡಿಯವರಿಗೂ ಅದು ಸಿಗುತ್ತಿರಲಿಲ್ಲ. ನಮ್ಮ ಮನೆಯ ಅನ್ನ ಆ ಪರವಾನಗಿಯ ಮೇಲೆ ನಿಂತಿತ್ತು. ಗಂಡ ಸತ್ತಾಗ ಅದನ್ನು ಮೈದುನನ ಹೆಸರಿಗೆ ಮಾಡಿಸಿಬಿಡು ಅಂತ ನೆಂಟರೆಲ್ಲ ಹೇಳಿದರು. ನಾನು ನನ್ನ ಹೆಸರಿಗೇ ಮಾಡಿಸಿಕೊಂಡೆ. ಮೈದುನ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವನು ಏನೂ ಅನ್ನದೇ ಇದ್ದದ್ದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಪರವಾನಗಿ ಇದ್ದ ಮೇಲೆ ಕಟ್ಟಳೆ ಇದ್ದೇ ಇರುತ್ತದೆ. ಅಪಾಯದ ಮಾಲಿನ ಮೇಲೆ ಕೆಂಪು ಚೀಟಿ ಅಂಟಿಸಿರುತ್ತಿದ್ದರು. ಅದರಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿರುತ್ತಿತ್ತು. ಗಾಡಿಯವರಿಗೆ ಓದು ಬೇಕಿರಲಿಲ್ಲ, ಬಣ್ಣ ಕಂಡರೆ ಸಾಕಿತ್ತು. ಕೆಂಪು ಚೀಟಿಯ ಗಾಡಿಯಲ್ಲಿ ಬೀಡಿ ಇಲ್ಲ. ಅಡಿಗೆ ಮಾಡುವ ಕಡೆ ಗಾಡಿ ಬಿಡುವ ಹಾಗಿಲ್ಲ. ಗಾಡಿಯ ಕೆಳಗೆ ಲಾಟೀನು ನೇತುಹಾಕುವ ಹಾಗಿಲ್ಲ. ಮದ್ದಿನ ಗಾಡಿಯಾದರೆ ಒಳಗೆಲ್ಲ ಚಾಪೆ ಹಾಸಿ, ಕಬ್ಬಿಣ ಕಾಣುವ ಕಡೆ ಗೋಣಿ ಸುತ್ತಿ, ಮುಂದೆ ಕೆಂಪು ಬಟ್ಟೆ ಕಟ್ಟಬೇಕು. ಆಸಿಡ್ಡಿನ ಜಾಡಿಯನ್ನು ಹುಲ್ಲಿನಲ್ಲಿ ಇಡಬಾರದು, ಮರಳಿನಲ್ಲಿ ಕೂರಿಸಬೇಕು. ಹುಲ್ಲಿಗೆ ಬಿದ್ದರೆ ಹುಲ್ಲೇ ಹೊಗೆಯಾಡುತ್ತದೆ. ಸೀಮೆಎಣ್ಣೆಯ ಜೊತೆ ಬೆಂಕಿಪೆಟ್ಟಿಗೆ ಹೇರಬಾರದು, ಮದ್ದಿನ ಜೊತೆ ಯಾವುದನ್ನೂ ಹೇರಬಾರದು.

ನಾನು ನಮ್ಮ ಗಾಡಿಯವರಿಗೆ ಹೇಳಿಕೊಡಲು ನನ್ನದೇ ಲೆಕ್ಕ ಮಾಡಿಕೊಂಡಿದ್ದೆ. ಬೆಂಕಿಗೆ ಹೆದರುವ ಮಾಲು, ಕುಲುಕಿಗೆ ಹೆದರುವ ಮಾಲು, ಜೊತೆಗೆ ಹೆದರುವ ಮಾಲು. ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಜೈನ ಸಾಹುಕಾರರೊಬ್ಬರು ತಮ್ಮ ಬಟ್ಟೆ ಗಂಟಿನ ಗಾಡಿಯಲ್ಲಿ ಒಣಮೀನಿನ ಮೂಟೆ ಹೇರಬೇಡಿ ಅಂತ ಹೇಳಿ ಕಳಿಸುತ್ತಿದ್ದರು. ಅದನ್ನೂ ಜೊತೆಗೆ ಹೆದರುವ ಮಾಲಿಗೇ ಸೇರಿಸಿದ್ದೆ. ನೀರಿಗೆ ಹೆದರುವುದು ಅಂದರೆ ನಮಗೆ ಗೊತ್ತಿದ್ದದ್ದು ಉಪ್ಪು, ಬೆಲ್ಲ, ಗೂಡಿನಿಂದ ಈಗಷ್ಟೇ ತೆಗೆದ ಸುಣ್ಣಕಲ್ಲು, ಅಷ್ಟೇ.

ಇನ್ನೊಂದು ರೂಢಿ ಹೇಳಬೇಕು, ಮುಂದಿನದೆಲ್ಲ ಅದರಿಂದ ಆದದ್ದು. ಬೇಸಿಗೆಯಲ್ಲಿ ಸೀಮೆಎಣ್ಣೆ ಡಬ್ಬ ಬಿಸಿಲಿಗೆ ಉಬ್ಬಿ ಬೆಸುಗೆ ಬಿಡುತ್ತದೆ. ಅದಕ್ಕೆ ದಾರಿಯಲ್ಲಿ ಕಟ್ಟೆಯೋ ಕೆರೆಯೋ ಸಿಕ್ಕಿದ ಕಡೆ ಗೋಣಿತಾಟು ನೆನೆಸಿ ಡಬ್ಬದ ಮೇಲೆ ಹೊದಿಸುತ್ತಿದ್ದೆವು. ಎತ್ತಿಗೆ ನೀರು ಕುಡಿಸು, ಚಕ್ರಕ್ಕೆ ನೀರು ಎರಚು, ಡಬ್ಬಕ್ಕೆ ಒದ್ದೆ ಗೋಣಿ ಹೊದಿಸು. ಇದು ನಮ್ಮ ಗಾಡಿಯವರ ಕೈಗೆ ಹೇಳದೇ ಬರುತ್ತಿತ್ತು. ಒಳ್ಳೆಯ ರೂಢಿ. ನನ್ನ ಗಂಡನೇ ಕಲಿಸಿದ್ದು.

ಬೇಸಿಗೆ ಏರುತ್ತಿದ್ದ ಹೊತ್ತಿನಲ್ಲಿ ಮಂಡಿಯಿಂದ ಒಂದು ಲೋಡು ಬಂತು. ರೈಲಿನಿಂದ ಮಾಲು ಬಿಡಿಸಿ ಗಾಡಿಗಳಿಗೆ ಹಂಚುವ ಖಾಸಗಿ ಮಂಡಿ ಅದು. ಅಲ್ಲಿ ಒಬ್ಬರು ಗುಮಾಸ್ತರು, ಮೂಗಿನ ತುದಿಗೆ ಕನ್ನಡಕ. ಮಾಲು ಹೋಗಬೇಕಾದದ್ದು ಅರಕಲಗೂಡಿನ ಒಬ್ಬ ಹೊಸ ಸಾಹುಕಾರನಿಗೆ. ಸೈಕಲ್ಲು, ಲಾಟೀನು, ಮದುವೆಗೆ ಬಾಡಿಗೆಯ ಗ್ಯಾಸ್ ಲೈಟು ಇಟ್ಟುಕೊಂಡು ಅಂಗಡಿ ತೆಗೆದಿದ್ದ. ಬಂದದ್ದು ಕಬ್ಬಿಣದ ಸಣ್ಣ ಡ್ರಮ್ಮುಗಳು, ನೋಡುವುದಕ್ಕೆ ಹತ್ತು ಸೇರು ಅಕ್ಕಿ ಹಿಡಿಯುವ ಹಾಗಿದ್ದರೂ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಮೇಲೆ ದಪ್ಪಗೆ ಬಳಿದ ಹಸಿರು ಬಣ್ಣ. ಬಣ್ಣ ಇನ್ನೂ ಹಸಿ ವಾಸನೆ ಹೊಡೆಯುತ್ತಿತ್ತು.

"ಏನಿದು ಬುದ್ದಿ?" ಅಂದೆ.

"ಬಣ್ಣದ ಪುಡಿ," ಅಂದರು ಗುಮಾಸ್ತರು, ತಲೆ ಎತ್ತದೆ.

"ಪುಡಿ ಅಂದ್ರೆ ಜರುಗ್ಬೇಕಲ್ಲ. ಇದು ಲೊಡ ಲೊಡ ಅಂತದೆ, ಜಲ್ಲಿ ಕಲ್ಲು ತುಂಬ್ದಂಗೆ."

"ಗಟ್ಟಿ ಆಗಿರುತ್ತಮ್ಮ. ನಿನಗೆ ಸಾಗಿಸೋ ಕೆಲಸ, ಅಲ್ಲಾಡಿಸೋ ಕೆಲಸ ಅಲ್ಲ."

"ಕೆಂಪು ಚೀಟಿ ಇಲ್ವಾ?"

"ಬಣ್ಣಕ್ಕೆ ಯಾಕಮ್ಮ ಕೆಂಪು ಚೀಟಿ?"

 ಒಂದು ಡ್ರಮ್ಮನ್ನು ಮಗುಚಿ ಅಡಿಯನ್ನೂ ನೋಡಿದೆ. ಬಣ್ಣದ ಡ್ರಮ್ಮಿಗೆ ಯಾರಾದರೂ ಮುಚ್ಚಳದ ಮೇಲೂ ಅಡಿಗೂ ಬಿಡದೆ ಬಣ್ಣ ಬಳಿಯುತ್ತಾರೆಯೇ? ಕಾಳಸಂತೆಯ ಕಾಲ ಅದು. ಸಕ್ಕರೆಯೋ ಸೀಮೆಎಣ್ಣೆಯೋ ಕದ್ದು ಸಾಗಿಸುತ್ತಿದ್ದಾರೆ ಅಂದುಕೊಂಡೆ. ಅದಕ್ಕಿಂತ ಹೆಚ್ಚಿನದು ನನಗೆ ಹೊಳೆಯಲಿಲ್ಲ. ಹೇರುವಾಗ ಒಂದು ಡ್ರಮ್ಮು ಹಮಾಲಿಯ ಕೈ ಜಾರಿ ಕಲ್ಲಿನ ಮೇಲೆ ಬಿತ್ತು, ಮುಚ್ಚಳದ ಅಂಚು ನೆಗ್ಗಿತು. ಗುಮಾಸ್ತರು ಕುರ್ಚಿಯಿಂದ ಎದ್ದು ನಿಂತು ನೋಡಿದರು, ಮತ್ತೆ ಕೂತರು. ದಿನಾ ಎಷ್ಟೋ ಪೆಟ್ಟಿಗೆ ಬೀಳುತ್ತವೆ, ಅವರು ಎದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆ ಗಾಡಿ ಹೊಡೆದದ್ದು ನನ್ನ ಮೈದುನ. ಅವನು ಅವತ್ತು ಹೊಸ ಪಂಚೆ ಉಟ್ಟಿದ್ದ. ಎಲ್ಲಿಂದ ಬಂತು ಅಂದೆ.

"ಅರಕಲಗೂಡಿನ ಸಾವ್ಕಾರ್ರು ಕೊಟ್ರು ಅತ್ಗೆ, ಓದ್ ಸಲ ಲಾಟೀನು ಒಂದೂ ಒಡೀದಂಗೆ ತಂದ್ನಲ್ಲ, ಅದ್ಕೆ."

"ಗಾಜು ಒಡೀದಿದ್ದುಕ್ಕೆ ಪಂಚೆ ಕೊಡೋ ಸಾವ್ಕಾರ್ನ ನಾನು ಎಲ್ಲೂ ಕಂಡಿಲ್ಲ ಕಣ್ಲಾ."

"ನಿನ್ಗೆ ಎಲ್ಲಾರ್ ಮೇಲೂ ಅನ್ಮಾನ. ಎತ್ತು ಸಗಣಿ ಆಕುದ್ರೂ ಯಾತುಕ್ ಆಕ್ತು ಅಂತೀಯ."

ನಗುತ್ತಾ ಹೊರಟುಹೋದ. ಇವನೂ ಆ ಸಾಹುಕಾರನೂ ಸೇರಿ ನನ್ನ ಪರವಾನಗಿಯ ಹೆಸರಿನಲ್ಲಿ ಏನೋ ನಡೆಸುತ್ತಿದ್ದಾರೆ ಅಂತ ನಾನು ಅವನ ಬೆನ್ನನ್ನೇ ನೋಡುತ್ತಾ ನಿಂತೆ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಉಪ್ಪಿನ ಗಾಡಿಯವನೊಬ್ಬ ನಮ್ಮ ಗಾಡಿಯನ್ನು ತನ್ನ ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಬಂದ. ಒಂದು ಕಡೆಯ ತಟ್ಟಿ ಸುಟ್ಟು ಕರಿಯಾಗಿತ್ತು, ಹಲಗೆ ಅರ್ಧ ಇರಲಿಲ್ಲ. ಸುಟ್ಟ ಡ್ರಮ್ಮೂ ಅದರ ಮುಚ್ಚಳವೂ ಗಾಡಿಯಲ್ಲಿದ್ದವು, ಉಳಿದ ಡ್ರಮ್ಮುಗಳನ್ನು ದಾರಿಯಲ್ಲೇ ಇಳಿಸಿ ಬಂದಿದ್ದರು. ನಮ್ಮ ಎತ್ತುಗಳು ಹಿಂದೆ ಬಿಡುಬೀಸಾಗಿ ನಡೆದು ಬರುತ್ತಿದ್ದವು. ಮೈದುನ ಉಪ್ಪಿನ ಮೂಟೆಯ ಮೇಲೆ ಕೂತಿದ್ದ. ಹುಬ್ಬಿಲ್ಲ, ಮೀಸೆಯಿಲ್ಲ, ಬಲಗೈಗೆ ಬಾಳೆ ಎಲೆ ಸುತ್ತಿತ್ತು. ಹೊಸ ಪಂಚೆ ಕಾಣಲಿಲ್ಲ.

ಔಷಧಿ ಕೊಡುವ ಪಂಡಿತರು ಬಂದು ಕೈಗೆ ಎಣ್ಣೆ ಹಚ್ಚುತ್ತಿದ್ದಾಗಲೇ ಕೇಳಿದೆ. ಆಮೇಲೆ ಕೇಳಿದರೆ ಯೋಚನೆ ಮಾಡಿ ಹೇಳುತ್ತಾನೆ.

"ಕಟ್ಟೆತಾವ್ ಗಾಡಿ ಬುಟ್ಟೆ. ಎತ್ತುಗೆ ನೀರ್ ಕುಡುಸ್ದೆ. ಬಿಸ್ಲು ಜೋರಿತ್ತು, ಡ್ರಮ್ಮಿಗೆ ಗೋಣಿ ನೆನ್ಸಿ ಒದ್ಸ್ದೆ. ರೊಟ್ಟಿ ತಿಂದು ಗಾಡಿ ನೆಳ್ಳಾಗೆ ಕುಂತಿದ್ದೆ. ದಪ್ ಅಂತು. ಮುಚ್ಚ್ಳ ಆರಿ ಉರೀಗೇ ಬಿತ್ತು."

"ಬೀಡಿ ಸೇದ್ದಾ?"

"ಇಲ್ಲ."

"ದೇವ್ರಾಣೆ?"

"ಇಲ್ಲ ಅಂದ್ನಲ್ಲ ಅತ್ಗೆ. ಇನ್ನೊಂದು ಕೇಳು. ನಾನೂ ಉಪ್ಪಿನ್ ಗಾಡಿಯವ್ನೂ ಕಟ್ಟೆಯಿಂದ ನೀರ್ ತಂದ್ ತಂದ್ ಹುಯ್ದ್ವು. ನೀರು ಹುಯ್ದಂಗೆಲ್ಲ ಉರಿ ಮ್ಯಾಕ್ಕೆ ಎದ್ದೇಳ್ತಿತ್ತು. ಕೊನೀಗೆ ಮಣ್ಣು ಎರ್ಚುದ್ ಮ್ಯಾಕೇ ಆರಿದ್ದು."

ಪಂಡಿತರು ನಕ್ಕುಬಿಟ್ಟರು. "ನೀರು ಅಂತ ಹೆಂಡ ಹುಯ್ದ್ಯೇನಯ್ಯಾ?" ಅಂದರು. ಸಾಯಂಕಾಲದೊಳಗೆ ಊರೆಲ್ಲ ಅದೇ ಮಾತು. ನೀರಿಗೆ ಬೆಂಕಿ ಹತ್ತಿಸಿದವನು ಅಂತ ಅವನಿಗೆ ಹೆಸರೂ ಬಿತ್ತು.

ನನಗೆ ನಗು ಬರಲಿಲ್ಲ. ಸುಳ್ಳು ಹೇಳುವವನು ನಂಬುವ ಹಾಗೆ ಹೇಳುತ್ತಾನೆ. ಬೀಡಿ ಸೇದಲಿಲ್ಲ ಅಂದದ್ದನ್ನು ಯಾರಾದರೂ ನಂಬಬಹುದಿತ್ತು, ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಊಟವಾದ ಮೇಲೆ ಬೀಡಿ ಇಲ್ಲದೆ ಅವನು ಕೂತದ್ದನ್ನು ನಾನು ಕಂಡಿಲ್ಲ. ಉರಿಗೆ ನೀರು ಹಾಕಿದರೆ ಉರಿ ಎದ್ದಿತು ಅಂದದ್ದನ್ನು ಯಾರೂ ನಂಬುವುದಿಲ್ಲ. ಹಾಗಾದರೆ ಅದನ್ನು ಯಾಕೆ ಹೇಳಿದ?

ಮಾರನೆಯ ಬೆಳಿಗ್ಗೆಯೇ ಅರಕಲಗೂಡಿನ ಸಾಹುಕಾರ ಬೇರೆಯವರ ಗಾಡಿ ಹೊಡೆಸಿಕೊಂಡು ಬಂದ. ಕಟ್ಟೆಯ ಹತ್ತಿರ ಉಳಿದಿದ್ದ ಡ್ರಮ್ಮುಗಳನ್ನು ಆಗಲೇ ಎತ್ತಿಸಿಬಿಟ್ಟಿದ್ದ. ನಮ್ಮ ಹಟ್ಟಿಯ ಮುಂದೆ ನಿಂತು ಊರಿಗೆ ಕೇಳುವ ಹಾಗೆ ಮಾತಾಡಿದ. ನಿಮ್ಮವನು ಬೀಡಿ ಸೇದಿ ನನ್ನ ಮಾಲು ಸುಟ್ಟ, ಹಾಸನಕ್ಕೆ ಬರೆದಿದ್ದೇನೆ, ಇಂಥವರ ಕೈಗೆ ಪರವಾನಗಿ ಯಾಕೆ ಅಂತ. ಆಮೇಲೆ ದನಿ ಇಳಿಸಿದ.

"ಆ ಸುಟ್ಟ ಡ್ರಮ್ಮು ಎಲ್ಲಮ್ಮ?"

"ಯಾಕೆ ಸಾವ್ಕಾರ್ರೇ?"

"ನನ್ನ ಮಾಲು ಅಲ್ವಾ? ಲೆಕ್ಕಕ್ಕೆ ಬೇಕು."

"ಒಳಗೆ ಏನೂ ಉಳಿದಿಲ್ಲ. ಬರೀ ತಗಡು. ಅದನ್ನ ತಗಂಡೋಗಿ ಏನ್ ಮಾಡ್ತೀರಿ?"

"ಏನಾದ್ರೂ ಮಾಡ್ತೀನಿ. ಕೊಡಮ್ಮ."

"ದಾರೀಲೆಲ್ಲೋ ಬಿದ್ದೋಗದೆ. ಉಪ್ಪಿನ್ ಗಾಡಿಯವ್ನ ಕೇಳಿ."

ಅವನು ನನ್ನ ಮುಖ ನೋಡಿದ, ಹಟ್ಟಿಯನ್ನೆಲ್ಲ ಕಣ್ಣಲ್ಲೇ ಹುಡುಕಿದ, ಹೋದ. ಡ್ರಮ್ಮು ಹುಲ್ಲಿನ ಮೆದೆಯ ಹಿಂದೆ ಇತ್ತು. ಅವನು ಹೋಗುತ್ತಲೇ ಅದನ್ನು ಮುಚ್ಚಳದ ಸಮೇತ ತಿಪ್ಪೆಯಲ್ಲಿ ಹೂತೆ. ತುಂಬಿದ ಡ್ರಮ್ಮಿಗೆ ಅವಸರ ಮಾಡುವವನು ವ್ಯಾಪಾರಿ. ಸುಟ್ಟ ಡ್ರಮ್ಮಿಗೆ ಅವಸರ ಮಾಡುವವನು ಯಾರು?

ಆಮೇಲೆ ಗಾಡಿಯನ್ನು ಒಂದೊಂದೇ ಹಲಗೆ ನೋಡಿದೆ. ಹಲಗೆಯ ಮೇಲೆ ಬೆಳ್ಳಗೆ ಒಣಗಿದ ಗಸಿ ಇತ್ತು, ಗೋಡೆಗೆ ಬಳಿಯುವ ಸುಣ್ಣದ ಹಾಗೆ. ಉಳಿದ ಗೋಣಿಯ ತುಂಡನ್ನು ಮೂಸಿದೆ. ಬೆಳ್ಳುಳ್ಳಿ ಜಜ್ಜಿದ ಹಾಗೆ, ಆದರೆ ತಿನ್ನುವ ವಾಸನೆ ಅಲ್ಲ, ತಲೆ ಹಿಡಿಯುವ ವಾಸನೆ. ಅದನ್ನು ನಾನು ಮೊದಲೇ ಎಲ್ಲೋ ಮೂಸಿದ್ದೆ. ಎಲ್ಲಿ ಅಂತ ನೆನಪಿಗೆ ಬರಲಿಲ್ಲ. ಹಲಗೆಯ ಸಂದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಬೂದು ಕಲ್ಲು ಸಿಕ್ಕಿತು. ಒಲೆಯಿಂದ ದೂರ, ಹಿತ್ತಲಿಗೆ ಹೋಗಿ, ಚೊಂಬಿನ ನೀರಿಗೆ ಅದನ್ನು ಹಾಕಿದೆ. ಬುಸ ಬುಸ ಅಂತ ನೊರೆ ಎದ್ದಿತು, ಅದೇ ವಾಸನೆ ಬಂತು, ನೀರು ಸುಣ್ಣ ಕದಡಿದಂತಾಯಿತು. ಆಗ ನೆನಪಾಯಿತು. ನಾಟಕದವರು ಊರಿಗೆ ಬಂದಾಗ ಪರದೆಯ ಪಕ್ಕ ಗ್ಯಾಸ್ ಲೈಟಿಗೆ ನೀರು ತುಂಬಿ ಹತ್ತಿಸುತ್ತಿದ್ದರಲ್ಲ, ಮುಂದಿನ ಸಾಲಿನಲ್ಲಿ ಕೂತವರಿಗೆ ಬಡಿಯುತ್ತಿದ್ದದ್ದು ಇದೇ ವಾಸನೆ. ಮೇಲಿನ ಬಟ್ಟಲಿಂದ ನೀರು ತೊಟ್ಟಿಕ್ಕುತ್ತದೆ, ಕೆಳಗಿನ ಬಟ್ಟಲಲ್ಲಿ ಕಲ್ಲು ಇರುತ್ತದೆ, ಕಲ್ಲು ಗ್ಯಾಸು ಬಿಡುತ್ತದೆ, ಗ್ಯಾಸು ಉರಿಯುತ್ತದೆ. ಕಾರ್ಬೈಡು.

ಅಂದರೆ ನಮ್ಮವನು ಮಾಡಿದ್ದು ಇಷ್ಟು. ಅಂಚು ನೆಗ್ಗಿ ಸಂದಿ ಬಿಟ್ಟಿದ್ದ ಡ್ರಮ್ಮಿಗೆ ಒದ್ದೆ ಗೋಣಿ ಹೊದಿಸಿ, ಇಡೀ ಡ್ರಮ್ಮನ್ನು ಒಂದು ದೊಡ್ಡ ಗ್ಯಾಸ್ ಲೈಟು ಮಾಡಿ, ಪಕ್ಕದಲ್ಲಿ ಕೂತು ಕಡ್ಡಿ ಗೀರಿದ್ದ. ಸೀಮೆಎಣ್ಣೆಯನ್ನು ಕಾಪಾಡುವ ಗೋಣಿ ಇದನ್ನು ಕೆರಳಿಸಿತ್ತು. ಎರಡಕ್ಕೂ ಒಂದೇ ಗೋಣಿ, ಒಂದೇ ಬಿಸಿಲು. ಯಾವುದು ಯಾವುದಕ್ಕೆ ಹೆದರುತ್ತದೆ ಅಂತ ಹೇಳಬೇಕಾದದ್ದು ಕೆಂಪು ಚೀಟಿ. ಅದಿರಲಿಲ್ಲ.

ಇಷ್ಟು ತಿಳಿದ ಮೇಲೆ ಇನ್ನೊಂದು ತಿಳಿಯಿತು. ಸಿಕ್ಕಿದ್ದ ಒಂದೇ ಕಲ್ಲನ್ನು ನಾನೇ ನೀರಿಗೆ ಹಾಕಿ ಮುಗಿಸಿದ್ದೆ. ಚೊಂಬಿನಲ್ಲಿ ಇದ್ದದ್ದು ಬರೀ ಸುಣ್ಣದ ನೀರು. ಅದನ್ನು ಯಾರಿಗೆ ತೋರಿಸಲಿ?

ಮಂಡಿಗೆ ಹೋದೆ. ಗುಮಾಸ್ತರ ಹತ್ತಿರ ಏನೂ ಬಿಟ್ಟುಕೊಡದೆ ಸುಮ್ಮನೆ ಕೇಳಿದೆ.

"ಬುದ್ದಿ, ಗ್ಯಾಸ್ ಲೈಟಿನ ಕಲ್ಲು ಬಂದ್ರೆ ಕೆಂಪು ಚೀಟಿ ಇರ್ತದಾ?"

ಕನ್ನಡಕ ತೆಗೆದು ಒರೆಸಿದರು. "ಇರಲೇಬೇಕು. ರೈಲಿನವರ ಹತ್ತಿರ ಅಪಾಯದ ಮಾಲಿಗೇ ಬೇರೆ ಪುಸ್ತಕ ಇದೆ. ಗಾಳಿಯಾಡದ ಡ್ರಮ್ಮು ಆಗಿರಬೇಕು, ಒದ್ದೆ ಆಗಬಾರದು, ಹತ್ತಿರ ಬೆಂಕಿ ಇರಬಾರದು, ಬಾಡಿಗೆಯೂ ಬೇರೆ. ಇಟ್ಟುಕೊಳ್ಳೋನಿಗೂ ಲೈಸೆನ್ಸು ಬೇಕು. ಯಾಕೆ ಕೇಳ್ತೀಯ?"

"ಸುಮ್ನೆ."

"ಸುಮ್ಮನೆ ಕೇಳೋಳಲ್ಲ ನೀನು. ನೋಡಮ್ಮ, ಬಣ್ಣ ಅಂತ ಬಂತು, ಬಣ್ಣ ಅಂತ ಕೊಟ್ಟೆ. ನಾನು ಮುಚ್ಚಳ ತೆಗೆದು ನೋಡೋ ಹಾಗಿಲ್ಲ."

ನಾನು ಬಣ್ಣದ ಮಾತು ಎತ್ತಿರಲೇ ಇಲ್ಲ. ಅವರೇ ಎತ್ತಿದರು. ಅದನ್ನು ಕೇಳಿಸಿಕೊಂಡು ಮನೆಗೆ ಬಂದೆ.

ಹಾಸನದಿಂದ ಕರೆ ಬಂತು. ವಿಚಾರಣೆ ಮಾಡುತ್ತೇವೆ, ಗಾಡಿ ಹೊಡೆದವನನ್ನು ಕರೆದುಕೊಂಡು ಬಾ ಅಂತ. ಹೊರಡುವ ಮುಂಚೆ ತಿಪ್ಪೆಯಿಂದ ಡ್ರಮ್ಮು ತೆಗೆದೆ. ಬೆಂಕಿ ಒಂದು ಉಪಕಾರ ಮಾಡಿತ್ತು. ಹಸಿರು ಬಣ್ಣವನ್ನೆಲ್ಲ ಸುಟ್ಟು ಉದುರಿಸಿತ್ತು. ಬೂದಿ ಒರೆಸಿದರೆ ಮುಚ್ಚಳದ ಮೇಲೆ ಉಬ್ಬಿದ ಅಕ್ಷರಗಳು ಕೈಗೆ ಸಿಕ್ಕಿದವು, ಅಚ್ಚು ಒತ್ತಿದವು. ಇಂಗ್ಲಿಷು. ನನಗೆ ಒಂದೂ ಬಾರದು. ಮಾಲಿನ ಹೆಸರೋ, ಡ್ರಮ್ಮು ಮಾಡಿದವರ ಹೆಸರೋ ಯಾರಿಗೆ ಗೊತ್ತು. ಸ್ಕೂಲು ಮೇಷ್ಟರಿಗೆ ತೋರಿಸಬಹುದಿತ್ತು. ಮೇಷ್ಟರು ಗುಮಾಸ್ತರ ಜೊತೆ ಸಾಯಂಕಾಲ ಜಗುಲಿಯಲ್ಲಿ ಎಲೆ ಅಡಿಕೆ ಹಾಕುವವರು. ತೋರಿಸಲಿಲ್ಲ. ಮುಚ್ಚಳವನ್ನು ಹಳೆ ಸೀರೆಯಲ್ಲಿ ಸುತ್ತಿ, ಬುತ್ತಿಯ ಗಂಟಿನ ಅಡಿಗೆ ಇಟ್ಟುಕೊಂಡು ರೈಲು ಹತ್ತಿದೆ.

ರೈಲಿನಲ್ಲಿ ಮೈದುನ ಎದುರಿಗೆ ಕೂತಿದ್ದ. ಹುಬ್ಬು ಇಲ್ಲದ ಮುಖದಲ್ಲಿ ಕಣ್ಣು ಬೆತ್ತಲೆಯಾಗಿ ಕಾಣುತ್ತಿತ್ತು.

"ಪಂಚೆ ಯಾತುಕ್ ಕೊಟ್ಟ ಅವ್ನು, ಈಗ್ಲಾದ್ರೂ ಯೋಳು," ಅಂದೆ.

"ಡ್ರಮ್ಮು ಬಂದ್ರೆ ನಿನ್ ಕೈಲೇ ತಗಂಬಾ, ಬ್ಯಾರೆಯವ್ರ್ ಗಾಡೀಗ್ ಕೊಡ್ಬ್ಯಾಡ ಅಂದ್ರು. ಒಳ್ಗೆ ಏನದೆ ಅಂತ ನಾನ್ ಕೇಳ್ಲಿಲ್ಲ, ಅವ್ರು ಯೋಳ್ಲಿಲ್ಲ. ಅಷ್ಟೇಯ ಅತ್ಗೆ."

"ಬೀಡಿ?"

ಕಿಟಕಿಯ ಕಡೆ ನೋಡಿದ. "ಸೇದ್ದೆ ಅಂದ್ರೆ ಪರ್ವಾನ್ಗಿ ಓಯ್ತದೆ. ನಿನ್ ಪರ್ವಾನ್ಗಿ. ನಿನ್ನ ಉಳ್ಸಕ್ಕೆ ನಾನು ಇಲ್ಲ ಅಂತಿರೋದು. ನೀನೂ ಇಲ್ಲ ಅನ್ನು. ಇಬ್ರೂ ಒಂದೇ ಮಾತು ಯೋಳುದ್ರೆ ಯಾರೂ ಏನೂ ಮಾಡಕ್ಕಾಗಲ್ಲ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನನ್ನು ಉಳಿಸುತ್ತಿದ್ದಾನೋ, ತನ್ನನ್ನು ಉಳಿಸಿಕೊಳ್ಳುತ್ತಿದ್ದಾನೋ ಅಂತ ಹಾಸನ ಬರುವ ತನಕ ಯೋಚನೆ ಮಾಡಿದೆ. ಎರಡೂ ಇದ್ದಿರಬೇಕು.

ಕಚೇರಿಯಲ್ಲಿ ಸಾಹೇಬರು ಒಬ್ಬರು, ವಯಸ್ಸಾದವರು, ಮಾತು ಕಡಿಮೆ. ಸಾಹುಕಾರನೂ ಗುಮಾಸ್ತರೂ ನಮಗಿಂತ ಮುಂಚೆ ಬಂದು ಒಂದೇ ಬೆಂಚಿನಲ್ಲಿ ಕೂತಿದ್ದರು. ಸಾಹುಕಾರ ಮೊದಲು ಹೇಳಿದ. ಬಣ್ಣದ ಪುಡಿ, ಗಾಡಿಯವನ ಬೀಡಿ, ನಷ್ಟ. ಆಮೇಲೆ ಮೈದುನ. ಸೇದಲಿಲ್ಲ ಬುದ್ದಿ, ತಾನಾಗೇ ಹತ್ತಿಕೊಂತು, ನೀರು ಹುಯ್ದರೆ ಉರಿ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಜವಾನ ನಕ್ಕ. ಸಾಹೇಬರು ನಗಲಿಲ್ಲ. ಮೈದುನನ ಬಲಗೈಯನ್ನು ನೋಡಿದರು. ಸುಟ್ಟದ್ದು ಅಂಗೈಯಲ್ಲ, ಬೆರಳ ತುದಿಗಳು, ಕಡ್ಡಿ ಹಿಡಿಯುವ ಬೆರಳುಗಳು.

"ತಾನಾಗೇ ಹತ್ತಿತಾ?" ಅಂದರು.

"ಹೂಂ ಬುದ್ದಿ."

"ನೀನೇನಮ್ಮ ಹೇಳ್ತೀಯ?"

ಅಲ್ಲಿ ನಿಂತು ನಾನು ನೋಡಿದೆ. ಇವರಿಗೆ ಬೆರಳು ಕಂಡುಬಿಟ್ಟಿದೆ. ನಾವು ಇಲ್ಲ ಅಂದರೆ ನಾವು ಸುಳ್ಳರು. ಸುಳ್ಳರು ತಂದ ಮುಚ್ಚಳವನ್ನು ಯಾರು ಕೈಯಲ್ಲಿ ಹಿಡಿಯುತ್ತಾರೆ? ನಮ್ಮ ಸುಳ್ಳಿನ ನೆರಳಲ್ಲಿ ಆ ಸಾಹುಕಾರ ತನ್ನ ಸುಳ್ಳನ್ನು ತಣ್ಣಗೆ ಇಟ್ಟುಕೊಳ್ಳುತ್ತಾನೆ. ಸೇದಿದ ಅಂದರೆ ಪರವಾನಗಿ ಹೋಗಬಹುದು. ಮುಚ್ಚಳದಲ್ಲಿ ಬರೀ ಕಾರ್ಖಾನೆಯ ಹೆಸರಿದ್ದರೆ ಖಂಡಿತ ಹೋಗುತ್ತದೆ.

"ಸೇದಿದ ಬುದ್ದಿ," ಅಂದೆ.

ಮೈದುನ ನನ್ನ ಕಡೆ ತಿರುಗಿದ. ನಾನು ತಿರುಗಲಿಲ್ಲ.

"ಸೇದಿದ. ಬರೀ ಮಾಲಿನ ಗಾಡೀಲಿ ನಮ್ಮವ್ರೆಲ್ಲ ಸೇದ್ತಾರೆ. ಉಪ್ಪಿನ್ ಗಾಡೀಲಿ ಸೇದ್ತಾರೆ, ಬೆಲ್ಲದ್ ಗಾಡೀಲಿ ಸೇದ್ತಾರೆ. ಕೆಂಪು ಚೀಟಿ ಗಾಡೀಲಿ ಸೇದಿದ್ದು ಯಾರಾದ್ರೂ ಕಂಡಿದ್ರೆ ಯೋಳ್ಲಿ, ಪರ್ವಾನ್ಗಿ ಇಲ್ಲೇ ಬುಟ್ಟು ಓಯ್ತೀನಿ. ಇವ್ನು ಬಣ್ಣದ ಗಾಡಿ ಅಂತ ಸೇದಿದ. ಬಣ್ಣದ ಡ್ರಮ್ಮು ಅಂತ ಒದ್ದೆ ಗೋಣಿ ಒದ್ಸಿದ. ಅದು ಬಣ್ಣ ಅಲ್ಲ ಬುದ್ದಿ. ಗ್ಯಾಸ್ ಲೈಟಿನ ಕಲ್ಲು."

"ಸುಳ್ಳು," ಅಂದ ಸಾಹುಕಾರ. "ಈಗ ತಾನೇ ಇವನು ಸೇದಿಲ್ಲ ಅಂದ, ಇವಳು ಸೇದಿದ ಅಂತಾಳೆ. ಮನೆಯವರಲ್ಲೇ ಒಂದು ಮಾತಿಲ್ಲ."

ಬುತ್ತಿಯ ಗಂಟು ಬಿಚ್ಚಿ ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟೆ. ತಿಪ್ಪೆಯ ವಾಸನೆ ಇನ್ನೂ ಹೋಗಿರಲಿಲ್ಲ. ಗುಮಾಸ್ತರು ನಿಂತುಕೊಂಡರು, ಅವತ್ತು ಡ್ರಮ್ಮು ಬಿದ್ದಾಗ ನಿಂತ ಹಾಗೆ. ಸಾಹೇಬರು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಮತ್ತೊಂದು ಸಲ ಓದಿದರು. 

"ಕ್ಯಾಲ್ಸಿಯಂ ಕಾರ್ಬೈಡು. ಒದ್ದೆಯಾದರೆ ಅಪಾಯ. ಒಣಗಿದ ಕಡೆ ಇಡಿ," ಅಂತ ಕನ್ನಡದಲ್ಲಿ ಹೇಳಿದರು. ನನಗಾಗಿಯೇ ಹೇಳಿದರು ಅನ್ನಿಸಿತು. ಆಮೇಲೆ ಸಾಹುಕಾರನ ಕಡೆ ತಿರುಗಿ, "ಎಷ್ಟು ಡ್ರಮ್ಮು ಇದೆ ನಿಮ್ಮ ಅಂಗಡಿಯಲ್ಲಿ? ಲೈಸೆನ್ಸು ಎಷ್ಟಕ್ಕೆ ಇದೆ?" ಅಂದರು.

ಸಾಹುಕಾರ ಕಳಿಸಿದವರ ತಪ್ಪು ಅಂದ. ಕಳಿಸಿದವರು ಎಲ್ಲೋ ದೂರದವರು. ಹಸಿ ಬಣ್ಣ ಬಳಿದದ್ದು ಯಾರು ಅಂದರೆ ಗೊತ್ತಿಲ್ಲ ಅಂದ. ಗುಮಾಸ್ತರು ಬಣ್ಣ ಅಂತ ಬಂತು ಬಣ್ಣ ಅಂತ ಕೊಟ್ಟೆ ಅಂದರು, ನನಗೆ ಹೇಳಿದ್ದನ್ನೇ ಅಕ್ಷರ ಬಿಡದೆ. ಅರಕಲಗೂಡಿನ ಅಂಗಡಿಯಲ್ಲಿದ್ದ ಡ್ರಮ್ಮುಗಳಿಗೆ ಮೊಹರು ಬಿತ್ತು. ಅದಾದ ಮೇಲೆ ಅಲ್ಲಿ ಸೈಕಲ್ಲು ಮಾತ್ರ ಉಳಿಯಿತು. ಗುಮಾಸ್ತರಿಗೆ ಏನೂ ಆಗಲಿಲ್ಲ. ಅವರು ನಿಜವಾಗಿ ತಿಳಿಯದೇ ಕೊಟ್ಟರೋ, ತಿಳಿದೂ ಕೊಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಬರೆಯುವುದಿಲ್ಲ.

ಪರವಾನಗಿ ನನ್ನ ಹತ್ತಿರವೇ ಉಳಿಯಿತು. ಆದರೆ ಸಾಹೇಬರು ಅದರ ಹಿಂಬದಿಯಲ್ಲಿ ಒಂದು ಸಾಲು ಬರೆದರು. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದರಿಂದ ನನ್ನ ಮೈದುನ ಇನ್ನು ಮುಂದೆ ಅಪಾಯದ ಮಾಲಿನ ಗಾಡಿ ಹೊಡೆಯುವ ಹಾಗಿಲ್ಲ ಅಂತ. ಬೀಡಿಗಲ್ಲ, ಸುಳ್ಳಿಗೆ. ನಾನು ಎರಡು ಮಾತು ಆಡಿ ನೋಡಿದೆ. ಅವರು ಕೇಳಲಿಲ್ಲ. ನಾನು ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿರಲಿಲ್ಲ.

ವಾಪಸು ರೈಲಿನಲ್ಲಿ ಮೈದುನ ಬೇರೆ ಬೆಂಚಿನಲ್ಲಿ ಕೂತ. ಮನೆಗೆ ಬಂದು ಎತ್ತುಗಳಿಗೆ ಹುಲ್ಲು ಹಾಕಿದ, ಎಡಗೈಯಲ್ಲೇ. ಆಮೇಲೆ ಗೋಡೆಯ ಗೂಟದಿಂದ ತನ್ನ ಚಾವಟಿ ತೆಗೆದ.

"ಅತ್ಗೆ, ಒಂದು ಕೇಳ್ತೀನಿ. ಆ ತಗಡ್ನಾಗೆ ಏನೂ ಬರೀದೆ ಇದ್ದಿದ್ರೆ?"

"ಪರ್ವಾನ್ಗಿ ಓಯ್ತಿತ್ತು."

"ಓದ್ರೂ ಯೋಳ್ತಿದ್ದಾ, ನಾನು ಸೇದ್ದೆ ಅಂತ?"

"ಓದ್ರೂ ನೀನು ಸೇದಿದ್ದೆ ಕಣ್ಲಾ."

ಅವನು ಚಾವಟಿಯನ್ನು ಜಗುಲಿಯ ಮೇಲೆ ಇಟ್ಟ. ಚನ್ನರಾಯಪಟ್ಟಣಕ್ಕೆ ಹೋಗಿ, ಅದೇ ಜವಳಿ ಸಾಹುಕಾರರ ಬಟ್ಟೆ ಗಾಡಿ ಹೊಡೆಯಲು ನಿಂತ. ಬಟ್ಟೆಗೆ ಕೆಂಪು ಚೀಟಿ ಇರುವುದಿಲ್ಲ. ಹಬ್ಬಕ್ಕೆ ಬರುತ್ತಿದ್ದ, ಊಟ ಮಾಡುತ್ತಿದ್ದ, ನನ್ನ ಹತ್ತಿರ ಮಾತು ಮಾತ್ರ ಆಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಮದುವೆಗೆ ಗ್ಯಾಸ್ ಲೈಟು ತರಿಸಿದಾಗ ಅದನ್ನು ನೋಡುತ್ತಲೇ ಎದ್ದು ಚಪ್ಪರದ ಆಚೆ ಕೊನೆಗೆ ಹೋಗಿ ಕೂತ. ಮೀಸೆ ಬಂದಿತ್ತು. ಬಲಗಡೆಯ ಹುಬ್ಬು ಕೊನೆಯ ತನಕ ಬರಲಿಲ್ಲ.

ವಿಚಾರಣೆ ಆಗಿ ಸ್ವಲ್ಪ ದಿನಕ್ಕೆ ಮಂಡಿಯಿಂದ ಮತ್ತೆ ಕರೆ ಬಂತು. ಹೊಸ ಗಾಡಿಯವನನ್ನು ಕರೆದುಕೊಂಡು ನಾನೇ ಹೋದೆ. ಡ್ರಮ್ಮುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಅಂಗೈಯಗಲ ಕೆಂಪು ಚೀಟಿ. ನಾನು ಬಗ್ಗಿ ಮೊದಲನೆಯದನ್ನು ಮೂಸಿದೆ. ಸೀಮೆಎಣ್ಣೆ. ಎರಡನೆಯದನ್ನೂ ಮೂಸಿದೆ.

"ಚೀಟಿ ಅಂಟಿಸಿದೆಯಲ್ಲಮ್ಮ, ಇನ್ನೇನು ಮೂಸೋದು?" ಅಂದರು ಗುಮಾಸ್ತರು.

"ಅಂಟ್ಸಿದ್ದು ಯಾರು ಬುದ್ದಿ?" ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಮೂರನೆಯ ಡ್ರಮ್ಮಿಗೆ ಬಗ್ಗಿದೆ.